ಕ್ರಿಸ್ಪಿನಾಳ ಅಂಗಳದ ಕತ್ತೆ

ಸೆಪ್ಟೆಂಬರ್ ಬಂತೆಂದರೆ ನಮ್ಮ ಸಾನ್ ಬಾರ್ತೊಲೋ ಕೇರಿಯಲ್ಲಿ ಎಲ್ಲರಿಗೂ ಮೊಣಕೈವರೆಗೆ ಹಿಟ್ಟಿನ ಅಂಟು. ಮನೆಮನೆಯಲ್ಲೂ ಪಿನ್ಯಾತ ಕಟ್ಟುತ್ತೇವೆ. ಮಡಕೆಗೆ ಹಳೆಯ ಪತ್ರಿಕೆ ಸುತ್ತಿ, ಏಳು ಮೂಲೆ ಕೂರಿಸಿ, ಬಣ್ಣದ ಕಾಗದದ ಜಾಲರಿ ಅಂಟಿಸಿದರೆ ನಕ್ಷತ್ರವಾಯಿತು. ಕ್ರಿಸ್‌ಮಸ್ಸಿಗೆ ಮುಂಚಿನ ಒಂಬತ್ತು ದಿನದ ಪೊಸಾದಾ ಹಬ್ಬದಲ್ಲಿ ಜನ ಅದರ ಹೊಟ್ಟೆಗೆ ಹಣ್ಣು, ಕಡಲೆಕಾಯಿ ತುಂಬಿ, ಹಗ್ಗಕ್ಕೆ ತೂಗುಹಾಕಿ, ಕಣ್ಣು ಕಟ್ಟಿಕೊಂಡು ದೊಣ್ಣೆಯಿಂದ ಹೊಡೆದು ಒಡೆಯುತ್ತಾರೆ. ಏಳು ಮೂಲೆ ಏಳು ಪಾಪ, ಕಣ್ಣಿನ ಬಟ್ಟೆ ನಂಬಿಕೆ, ಉದುರುವ ಹಣ್ಣು ದೇವರ ಕೃಪೆ ಎಂದು ನಮ್ಮ ಅಜ್ಜಿಯರು ಹೇಳಿಕೊಟ್ಟಿದ್ದರು. ಒಡೆಯುವುದಕ್ಕೆಂದೇ ಕಟ್ಟಿದ್ದನ್ನು ಒಡೆದರೆ ಯಾರಿಗೆ ನೋವು? ನಾವೆಲ್ಲ ಹಾಗೇ ತಿಳಿದಿದ್ದೆವು. ಕ್ರಿಸ್ಪಿನಾ ಕೂಡ ಹಾಗೇ ತಿಳಿದಿದ್ದಳು, ಆ ವರ್ಷದವರೆಗೆ.

ಕ್ರಿಸ್ಪಿನಾ ನನ್ನ ಪಕ್ಕದ ಮನೆಯವಳು. ಅವಳ ಮಗಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು ನಾನಾದ್ದರಿಂದ ಅವಳು ನನ್ನನ್ನು ಕೊಮಾದ್ರೆ ಎಂದು ಕರೆಯುತ್ತಾಳೆ, ನಾನೂ ಅವಳನ್ನು ಹಾಗೇ ಕರೆಯುತ್ತೇನೆ. ಕುಳ್ಳಗಿನ ಹೆಂಗಸು, ಅಗಲ ಪಾದ, ನಡೆದರೆ ಓಡಿದ ಹಾಗೆ. ಓದಿದ್ದು ಮೂರನೇ ತರಗತಿಯವರೆಗೆ. ಎಂಟನೇ ವಯಸ್ಸಿಗೇ ಪಿನ್ಯಾತದ ಮೂಲೆ ಸುತ್ತಲು ಕೂತವಳು, ನಲವತ್ತರವರೆಗೂ ಅದನ್ನೇ ಸುತ್ತಿದಳು.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಅಂಟು ಕೇಳಲು ಎದುರುಮನೆಗೆ ಹೋದಳು. ಅಲ್ಲಿ ಎರಡು ವರ್ಷದ ಒಂದು ಹೆಣ್ಣುಮಗುವನ್ನು ಬಟ್ಟೆಯ ಪಟ್ಟಿಯಿಂದ ಮೇಜಿನ ಕಾಲಿಗೆ ಕಟ್ಟಿದ್ದರು. ಅದರಲ್ಲಿ ಕ್ರೌರ್ಯವೇನೂ ಇರಲಿಲ್ಲ. ಒಲೆಯ ಮೇಲೆ ಅಂಟು ಕುದಿಯುತ್ತಿರುತ್ತದೆ, ನೆಲದ ತುಂಬ ಕತ್ತರಿ, ಅಮ್ಮಂದಿರಿಗೆ ಇರುವುದು ಎರಡೇ ಕೈ. ನಮ್ಮನ್ನೂ ಹಾಗೇ ಕಟ್ಟಿದ್ದರು. ಮಗು ಅಳುತ್ತಿರಲಿಲ್ಲ, ಪತ್ರಿಕೆಯ ಚೂರನ್ನು ಮೆಲ್ಲಗೆ ತಿನ್ನುತ್ತಿತ್ತು. ಕ್ರಿಸ್ಪಿನಾ ಗಂಟು ಬಿಚ್ಚಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಮನೆಗೆ ಬಂದಳು. ಅಂಟು ತರುವುದು ಮರೆತೇ ಹೋಗಿತ್ತು. ವಾರದೊಳಗೆ ಅವಳ ಅಂಗಳದಲ್ಲಿ ಐದು ಮಕ್ಕಳು, ಮುಂದಿನ ವರ್ಷ ಹನ್ನೆರಡು. ಅಡುಗೆ ನನ್ನ ಪಾಲಿಗೆ ಬಂತು. ದಿನವೂ ಬೀನ್ಸ್, ತೋರ್ತಿಯಾ ರೊಟ್ಟಿ, ಬಿಸಿ ಆತೋಲೆ ಗಂಜಿ.

ಒಮ್ಮೆ ಪಟ್ಟಣದಿಂದ ಇಬ್ಬರು ಹುಡುಗಿಯರು ಬಂದು ಚರ್ಚಿನ ಸಭಾಂಗಣದಲ್ಲಿ ಎಂಟು ಶನಿವಾರ ಚಿಕ್ಕಮಕ್ಕಳ ಬಗ್ಗೆ ಪಾಠ ಹೇಳಿದ್ದರು. ಉಳಿದವರೆಲ್ಲ ಬರೆದುಕೊಂಡರು. ಕ್ರಿಸ್ಪಿನಾ ಬರೆಯುವುದು ನಿಧಾನ, ಹಾಗಾಗಿ ಕೈಕಟ್ಟಿ ಕೂತು ಕೇಳಿದಳು. ಕೊನೆಯ ಶನಿವಾರ ಮನೆಗೆ ನಡೆದುಬರುವಾಗ ನನಗೆ ಹೇಳಿದ್ದು ಇಷ್ಟು: ಮಗುವಿಗೆ ಬುದ್ಧಿ ಹೇಳುವುದಕ್ಕೆ ಮೊದಲು ಅದರ ಒಳಗೆ ಏನಾಗುತ್ತಿದೆಯೋ ಅದಕ್ಕೆ ಹೆಸರು ಕೊಡಬೇಕು, ಹೆಸರಿಲ್ಲದ್ದನ್ನು ಅದು ಕೈಯಿಂದ, ಹಲ್ಲಿನಿಂದ ಹೇಳುತ್ತದೆ. ಎಂಟು ಶನಿವಾರದಲ್ಲಿ ಅವಳು ಮನೆಗೆ ತಂದದ್ದು ಅದೊಂದನ್ನೇ. ಹೆಸರುಗಳನ್ನು ಮಾತ್ರ ತಾನೇ ಇಟ್ಟಳು. ಅಮ್ಮ ಬಿಟ್ಟುಹೋದಾಗ ಗಂಟಲಲ್ಲಿ ಮುಳ್ಳು. ಸಿಟ್ಟು ಬಂದರೆ ಕೈ ಬಿಸಿ. ಹಬ್ಬದ ಹಿಂದಿನ ದಿನ ಎದೆಯಲ್ಲಿ ಗುಬ್ಬಿ. ಕೈ ಬಿಸಿಯಾದವರು ಅಂಗಳದ ಕಲ್ಲುತೊಟ್ಟಿಗೆ ಓಡಿ ತಣ್ಣೀರಿನಲ್ಲಿ ಮೊಣಕೈವರೆಗೆ ಅದ್ದಬೇಕು. ನಮ್ಮ ಬೆಟ್ಟದ ನೀರು ಹೇಗಿರುತ್ತದೆಂದರೆ, ಅದ್ದಿದವರಿಗೆ ಸಿಟ್ಟಿನ ಕಾರಣವೇ ಮರೆತುಹೋಗುತ್ತದೆ.

ನಾನು ಹೇಳಹೊರಟ ಆ ವರ್ಷ ಅಕ್ಟೋಬರಿನಲ್ಲಿ ನಿಕಾನೋರ್ ಬಂದ. ನಾಲ್ಕೂವರೆ ವರ್ಷ, ಬೆಟ್ಟದ ಮೇಲೆ ತಾತನ ಕೊಟ್ಟಿಗೆಯಲ್ಲಿ ಆಡುಗಳ ನಡುವೆ ಬೆಳೆದವನು. ತಾತ ತೀರಿಕೊಂಡ ಮೇಲೆ ತಾಯಿ ಲುಸೇರೋ ಅವನನ್ನು ಕರೆದುಕೊಂಡು ಕೇರಿಗೆ ಇಳಿದು, ಗೋಡೆಯಾಚೆಯ ಅಬುಂದಿಯೋನ ಪಿನ್ಯಾತ ಕಟ್ಟುವ ಕೊಠಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಮೊದಲ ಎರಡು ವಾರ ಹುಡುಗನನ್ನು ಮೇಜಿನ ಕಾಲಿಗೇ ಕಟ್ಟಿದ್ದಳು. ಬೇರೆ ದಾರಿ ಇರಲಿಲ್ಲ. ಕ್ರಿಸ್ಪಿನಾ ಹೋಗಿ ಕರೆದುಕೊಂಡು ಬಂದಾಗ ಅವನ ಪಾದದ ಮೇಲೆ ಬಟ್ಟೆಯ ಗುರುತಿತ್ತು.

ಅವನು ಬಂದ ದಿನವೇ ಮೂವರನ್ನು ತಳ್ಳಿ ಬೀಳಿಸಿದ. ಮರುದಿನ ಒಬ್ಬನ ಕೂದಲು ಹಿಡಿದು ಎಳೆದ. ನಾನು ಒಲೆಯ ಹತ್ತಿರ ಕೂತು ನೋಡುತ್ತಿದ್ದೆ. ಅವನ ಮುಖದಲ್ಲಿ ಕೇಡಿರಲಿಲ್ಲ. ಆಡಿಗೆ ದಾರಿ ಬಿಡು ಎಂದು ಯಾರೂ ಬಾಯಲ್ಲಿ ಹೇಳುವುದಿಲ್ಲ, ತಳ್ಳುತ್ತಾರೆ. ಅವನಿಗೆ ಗೊತ್ತಿದ್ದ ಮಾತು ಅದೊಂದೇ. ಆದರೆ ನವೆಂಬರ್ ಕೊನೆಗೆ ಅವನು ಯಾರೆಲಿ ಎಂಬ ಹುಡುಗಿಯ ತೋಳು ಕಚ್ಚಿದ. ಯಾರೆಲಿ ಎಲ್ಲರಿಗಿಂತ ಚಿಕ್ಕವಳು, ಮೂರು ವರ್ಷದವಳು. ಅವಳ ಅಜ್ಜಿ ದೋನ್ಯಾ ತೊಮಾಸಾ ನಮ್ಮ ಕೇರಿಯ ಸೂಲಗಿತ್ತಿ. ಅರ್ಧ ಕೇರಿ ಅವಳ ಕೈಯಲ್ಲೇ ಭೂಮಿಗೆ ಬಿದ್ದದ್ದು, ಅವಳ ಮಾತನ್ನು ಮೀರುವವರು ಕಡಿಮೆ.

ತೊಮಾಸಾ ಮಗುವಿನ ಅಂಗಿಯ ತೋಳು ಮೇಲೆತ್ತಿ ಹಲ್ಲಿನ ಗುರುತು ತೋರಿಸುತ್ತ ಬಂದಳು. ಹಿಂದೆ ಐದಾರು ಅಮ್ಮಂದಿರು.

"ಕಚ್ಚೋದನ್ನ ಮನೇಲಿ ಕಟ್ಟಾಕ್ತಾರೆ, ಕ್ರಿಸ್ಪಿನಾ. ಮಕ್ಕಳ ಮಧ್ಯೆ ಬಿಡಲ್ಲ."

"ಕಟ್ಟಾಕಿದ್ರು, ದೋನ್ಯಾ. ಅದಕ್ಕೇ ಕಚ್ಚಿದ್ದು."

"ನಿನ್ ಬಾಯಿಗೆ ನಾನು ಬರಲ್ಲ. ಒಂದೋ ಅವನು, ಇಲ್ಲಾ ನಮ್ಮ ಮಕ್ಕಳು. ಯಾವ್ದು ಬೇಕು ನೋಡು."

ಬಹಳ ಹೊತ್ತು ಮಾತು ನಡೆದು ಕೊನೆಗೆ ಒಂದು ಒಪ್ಪಂದವಾಯಿತು. ಡಿಸೆಂಬರ್ ಹದಿನಾರರ ಮಕ್ಕಳ ಪೊಸಾದಾದವರೆಗೆ ಮೂರು ವಾರ ಗಡುವು. ಅಷ್ಟರೊಳಗೆ ನಿಕಾನೋರ್ ಇನ್ನೊಂದು ಮಗುವಿಗೆ ಹೊಡೆದರೂ, ಕಚ್ಚಿದರೂ, ಜನವರಿಯಲ್ಲಿ ಅವನಿಗೆ ಅಂಗಳವಿಲ್ಲ. ಲುಸೇರೋ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ಆ ಸಂಜೆ ಅವಳು ಮಗನನ್ನು ಕಟ್ಟುತ್ತಿದ್ದ ಹಳೆಯ ಬಟ್ಟೆಯ ಪಟ್ಟಿಯನ್ನು ಒಗೆದು ಬೇಲಿಯ ಮೇಲೆ ಒಣಹಾಕಿದ್ದನ್ನು ನಾನು ನೋಡಿದೆ. ಜಪಮಾಲೆ ಹಿಡಿದಾಗೆಲ್ಲ ಅದೇ ಕಣ್ಣಮುಂದೆ ಬರುತ್ತಿತ್ತು.

ಮರುದಿನ ಕ್ರಿಸ್ಪಿನಾ ಅಂಗಳದ ಮಧ್ಯೆ ಜೊಂಡಿನ ಕಡ್ಡಿಗಳನ್ನು ಸುರಿದಳು. ಈ ಸಲದ ಪಿನ್ಯಾತವನ್ನು ಮಕ್ಕಳೇ ಕಟ್ಟಬೇಕು. ನಕ್ಷತ್ರವಲ್ಲ, ಕತ್ತೆ, ಮಾತೆ ಮರಿಯ ಬೆತ್ಲೆಹೇಮಿಗೆ ಹೋದ ಕತ್ತೆ. ಮಡಕೆ ಬೇಡ, ಚೂರು ಕಾಲಿಗೆ ಚುಚ್ಚುತ್ತದೆ. ಬರೀ ಕಡ್ಡಿ, ಕಾಗದ, ಅಂಟು. ಅಬುಂದಿಯೋ ಗೋಡೆಯಾಚೆಯಿಂದ ಇಣುಕಿ, ಮಡಕೆಯಿಲ್ಲದ್ದು ಪಿನ್ಯಾತವಲ್ಲ ದಿಂಬು ಎಂದು ರೇಗಿಸಿದ. ದಿಂಬಾದರೆ ನಿನ್ನ ತಲೆಗೇ ಇಡುತ್ತೇನೆ ಎಂದಳು ಇವಳು.

ಹನ್ನೊಂದು ಮಕ್ಕಳು ಪತ್ರಿಕೆ ಹರಿದರು, ಅಂಟಿನಲ್ಲಿ ಅದ್ದಿದರು, ಕತ್ತೆಗಿಂತ ಹೆಚ್ಚು ತಮ್ಮ ಮೈಗೇ ಅಂಟಿಸಿಕೊಂಡರು. ನಿಕಾನೋರ್ ದೂರ ನಿಂತು ನೋಡುತ್ತಿದ್ದ. ಮೂರನೇ ದಿನ ನೆಟ್ಟಗೆ ಬಂದು ಕತ್ತೆಯ ಹಿಂಗಾಲನ್ನು ಹಿಡಿದ. ಮುರಿಯುತ್ತಾನೆಂದು ಯಾರೆಲಿ ಕಿರುಚಿದಳು. ಅವನು ಮುರಿಯಲಿಲ್ಲ.

"ಕತ್ತೆ ಕಾಲು ಹಿಂಗಿರಲ್ಲ," ಎಂದ. "ಹಿಂದಕ್ಕೆ ಮಡ್ಚಿರುತ್ತೆ."

ನಾವು ಅವನಿಂದ ಕೇಳಿದ ಅತಿ ಉದ್ದನೆಯ ಮಾತು ಅದು. ಕ್ರಿಸ್ಪಿನಾ ಕತ್ತರಿ ತಂದು, ಮೂರು ದಿನದ ಕೆಲಸವನ್ನು ಬಿಚ್ಚಿ, ಅವನು ಹೇಳಿದ ಹಾಗೆ ಎರಡೂ ಹಿಂಗಾಲು ಹೊಸದಾಗಿ ಕಟ್ಟಿದಳು. ನಿಲ್ಲಿಸಿ ನೋಡಿದರೆ, ದೇವರಾಣೆ, ಅದು ಕತ್ತೆಯೇ. ಈಗಲೋ ಆಗಲೋ ಅರಚುತ್ತದೆ ಅನ್ನುವಂತಿತ್ತು. ಮಕ್ಕಳು ನಿಕಾನೋರನನ್ನು ಮುತ್ತಿಕೊಂಡರು. ಕಿವಿ ಎಷ್ಟುದ್ದ, ಬಾಲದ ತುದಿಯಲ್ಲಿ ಕೂದಲಿರುತ್ತಾ, ಮೆಣಸಿನಕಾಯಿ ತಿನ್ನುತ್ತಾ? ಅವನು ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟ. ಹಿಂದಿನಿಂದ ಹೋಗಬಾರದು, ಒದೆಯುತ್ತದೆ. ಪಕ್ಕದಿಂದ ಹೋಗಿ ಹೆಗಲ ಮೇಲೆ ಕೈಯಿಟ್ಟು ನಿಲ್ಲಬೇಕು ಎಂದು ಯಾರೆಲಿಯ ಕೈಯನ್ನು ತಾನೇ ಹಿಡಿದು ಇಡಿಸಿದ. ಅದೇ ತೋಳಿನ ಮೇಲೆ ಅವನ ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ. ನನ್ನ ಒಲೆಯ ಮೇಲೆ ಗಂಜಿ ಉಕ್ಕಿಹೋದದ್ದು ಕಾಣಲೇ ಇಲ್ಲ.

ಕತ್ತೆಗೆ ಚೋನಿತಾ ಎಂದು ಹೆಸರಾಯಿತು. ಕ್ರಿಸ್ಪಿನಾ ಅದನ್ನು ಜಗುಲಿಯ ಕುರ್ಚಿಯ ಮೇಲೆ ನಿಲ್ಲಿಸಿ, ಯಾರಿಗೆ ಗಂಟಲಲ್ಲಿ ಮುಳ್ಳಿದೆಯೋ, ಕೈ ಬಿಸಿಯಿದೆಯೋ, ಅವರು ಚೋನಿತಾಳ ಕಿವಿಯಲ್ಲಿ ಹೇಳಬಹುದು ಎಂದಳು. ಅವಳ ಕಿವಿ ದೊಡ್ಡದು, ಎಷ್ಟು ಬೇಕಾದರೂ ಹಿಡಿಸುತ್ತದೆ. ಬೆಳಗಾದರೆ ಅಲ್ಲಿ ಸಾಲು. ಮಾತೇ ಬಾರದಿದ್ದ ಮಕ್ಕಳು ಕಾಗದದ ಕಿವಿಯಲ್ಲಿ ಪಿಸುಗುಟ್ಟಿದರು. ನಿಕಾನೋರ್ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಏನು ಹೇಳುತ್ತಿದ್ದನೋ ನಾವ್ಯಾರೂ ಕೇಳಲಿಲ್ಲ. ಆ ಮೂರು ವಾರದಲ್ಲಿ ಎರಡು ಸಲ ಅವನ ಮುಷ್ಟಿ ಮೇಲೆದ್ದದ್ದನ್ನು ನಾನೇ ಕಂಡೆ. ಎರಡು ಸಲವೂ ಕ್ರಿಸ್ಪಿನಾ "ಕೈ?" ಎಂದಳು. ಅವನು "ಬಿಸಿ" ಎಂದು ತೊಟ್ಟಿಗೆ ಓಡಿದ.

ಹದಿನಾರನೇ ತಾರೀಖು ಬಂತು. ಮಧ್ಯಾಹ್ನ ಮೂರಕ್ಕೇ ಅಂಗಳ ತುಂಬಿಹೋಯಿತು. ಹಂಡೆಯಲ್ಲಿ ಹಣ್ಣಿನ ಬಿಸಿ ಪಾನಕ ಪೋಂಚೆ ಕುದಿಯುತ್ತಿತ್ತು, ಕಬ್ಬು, ದಾಲ್ಚಿನ್ನಿಯ ವಾಸನೆ ಬೀದಿಯವರೆಗೆ. ಚೋನಿತಾಳ ಹೊಟ್ಟೆಗೆ ಕಿತ್ತಳೆ, ಕಡಲೆಕಾಯಿ, ಕಬ್ಬಿನ ತುಂಡು ತುಂಬಿ ಹೊಲಿದಿದ್ದೆವು. ಮಕ್ಕಳು ಮರಿಯ ಜೋಸೆಫರ ಗೊಂಬೆ ಹೊತ್ತು ಹೊರಗಿನಿಂದ ತಂಗಲು ಜಾಗ ಕೇಳುತ್ತ ಹಾಡಿದರು. ಒಳಗಿನಿಂದ ಜಾಗವಿಲ್ಲ ಹೋಗಿ ಎಂದು ಹಾಡುವುದು ಪ್ರತಿ ವರ್ಷವೂ ತೊಮಾಸಾ, ಅಂಥ ಗಂಟಲು ಬೇರೆ ಯಾರಿಗೂ ಇಲ್ಲ. ಕೊನೆಗೆ ಬಾಗಿಲು ತೆರೆದು ಎಲ್ಲರೂ ಒಳಗೆ ನುಗ್ಗಿದರು. ಎರಡೂ ಕಡೆಯವರಿಂದ ಸರದಿಯಂತೆ ಹಾಡಿಸುವುದು ನನ್ನ ಕೆಲಸ. ಆ ದಿನ ಮೂರು ಕಡೆ ತಪ್ಪಿದೆ.

ಅಬುಂದಿಯೋ ಮಾಳಿಗೆ ಹತ್ತಿ ಹಗ್ಗ ಎಳೆದ. ಚೋನಿತಾ ಅಂಜೂರದ ಮರದ ಕೆಳಗೆ ಗಾಳಿಯಲ್ಲಿ ತೂಗಿದಳು. ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು. ಮಕ್ಕಳು ಮಾತ್ರ ಹನ್ನೆರಡೂ ಜನ ಸ್ತಬ್ಧ.

ಪದ್ಧತಿಯಂತೆ ಚಿಕ್ಕವರಿಗೆ ಮೊದಲ ಸರದಿ. ತೊಮಾಸಾ ಬಣ್ಣದ ಕಾಗದ ಸುತ್ತಿದ ದೊಣ್ಣೆಯನ್ನು ಯಾರೆಲಿಯ ಕೈಗೆ ಕೊಟ್ಟು ಹೊಡೆಯಲು ಹೇಳಿದಳು. ಯಾರೆಲಿ ದೊಣ್ಣೆಯನ್ನು ನೋಡಿದಳು, ಮೇಲೆ ತೂಗುತ್ತಿದ್ದ ಕತ್ತೆಯನ್ನು ನೋಡಿದಳು.

"ಯಾಕೆ?" ಎಂದಳು. "ಅವ್ಳೇನು ಮಾಡಿದ್ಳು?"

ಜನ ನಕ್ಕರು. ಎರಡನೆಯವನ ಕೈಗೆ ದೊಣ್ಣೆ ಹೋಯಿತು. ಅವನು ಕೆಳಗೆ ಹಾಕಿ ಅಳತೊಡಗಿದ. ಮೂರನೆಯವಳು ದೊಣ್ಣೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಈಗ ಯಾರೂ ನಗಲಿಲ್ಲ. ಕ್ರಿಸ್ಪಿನಾಳ ಮುಖ ಬಿಳುಪೇರಿತ್ತು. ಅವಳು ನನ್ನ ತೋಳು ಹಿಡಿದಳು.

"ಕೊಮಾದ್ರೆ, ನಾನೇನ್ ಮಾಡ್ಬಿಟ್ಟೆ? ಮನಸ್ಸಲ್ಲಿರೋದೆಲ್ಲ ಅವಳ ಕಿವೀಲಿ ಹೇಳಿ ಅಂದೆ. ಈಗ ಅವಳಿಗೇ ಹೊಡೀರಿ ಅಂತಿದೀನಿ."

ಮೂವತ್ತೆರಡು ವರ್ಷ ಪಿನ್ಯಾತ ಕಟ್ಟಿದ ಹೆಂಗಸು. ಕಟ್ಟಿದ್ದು ಒಡೆಯಲೇಬೇಕು ಎನ್ನುವುದು ಅವಳಿಗೆ ಉಸಿರಾಟದಷ್ಟು ಸಹಜವಾಗಿತ್ತು, ಅದಕ್ಕೇ ಆ ಯೋಚನೆ ಸುಳಿದಿರಲಿಲ್ಲ. ನನಗೂ ಸುಳಿದಿರಲಿಲ್ಲ.

ಅವಳು ಹಗ್ಗ ಇಳಿಸು ಎಂದು ಕೂಗುವಷ್ಟರಲ್ಲಿ ಅಬುಂದಿಯೋನ ಒಂಬತ್ತು ವರ್ಷದ ಮೊಮ್ಮಗ, ಹಣ್ಣಿಗಾಗಿ ಕಾದು ಕಾದು ಬೇಸತ್ತಿದ್ದವನು, ದೊಣ್ಣೆ ಕಸಿದುಕೊಂಡು ಓಡಿಬಂದು ಬೀಸಿಯೇಬಿಟ್ಟ. ಠಪ್ಪೆಂದಿತು. ಚೋನಿತಾಳ ಎಡ ಹಿಂಗಾಲು ಮುರಿದು ಜೋತುಬಿತ್ತು. ನಿಕಾನೋರ್ ಹೇಳಿ ಮಾಡಿಸಿದ್ದ ಕಾಲು.

ಎಲ್ಲರ ಕಣ್ಣೂ ನಿಕಾನೋರನ ಮೇಲೆ. ಅವನು ಆಗಲೇ ಆ ದೊಡ್ಡ ಹುಡುಗನ ಎದುರು ನಿಂತಿದ್ದ. ಅವನ ಎದೆಯವರೆಗೂ ಬರುತ್ತಿರಲಿಲ್ಲ. ಎರಡು ಮುಷ್ಟಿಯೂ ಬಿಗಿದಿದ್ದವು. ಗೋಡೆಗೆ ಒರಗಿದ್ದ ಲುಸೇರೋ ಕಣ್ಣು ಮುಚ್ಚಿಕೊಂಡಳು. ತೊಮಾಸಾ ಒಂದು ಹೆಜ್ಜೆ ಮುಂದೆ ಬಂದಳು. ಕ್ರಿಸ್ಪಿನಾ ಮಾತ್ರ ಅಲುಗಾಡಲಿಲ್ಲ, "ಕೈ?" ಎಂದೂ ಕೇಳಲಿಲ್ಲ. ಆಮೇಲೆ ಯಾಕೆಂದು ಕೇಳಿದ್ದಕ್ಕೆ, ನಾನು ಕೇಳಿದ್ದರೆ ಆ ತಡೆ ನನ್ನದಾಗುತ್ತಿತ್ತು, ಅವನದಲ್ಲ ಎಂದಳು. ಆ ಕ್ಷಣದಲ್ಲಿ ನನ್ನ ತೋಳಿನ ಮೇಲಿದ್ದ ಅವಳ ಉಗುರು ಮಾಂಸಕ್ಕೆ ಇಳಿದಿತ್ತು. ನಾನು ಮನಸ್ಸಿನಲ್ಲೇ ಮಾತೆಯ ಹೆಸರು ಹೇಳುತ್ತಿದ್ದೆ, ಹೆಸರಿನಿಂದ ಮುಂದಕ್ಕೆ ಹೋಗಲಾಗಲಿಲ್ಲ.

ನಿಕಾನೋರ್ ಮುಷ್ಟಿ ಎತ್ತಿದ. ಅದನ್ನು ಒಮ್ಮೆ ನೋಡಿಕೊಂಡ. ಮರುಕ್ಷಣ ತಿರುಗಿ, ಜನರ ಕಾಲುಗಳ ನಡುವೆ ನುಸುಳಿ, "ಬಿಸಿ, ಬಿಸಿ, ಬಿಸಿ" ಎಂದು ಅರಚುತ್ತ ತೊಟ್ಟಿಗೆ ಓಡಿ ಹೆಗಲವರೆಗೆ ಎರಡೂ ಕೈ ಮುಳುಗಿಸಿದ. ಹಿಂದೆಯೇ ಯಾರೆಲಿ ಓಡಿದಳು. ಅವಳ ಹಿಂದೆ ಮಿಕ್ಕ ಹತ್ತೂ ಜನ, ತಮ್ಮ ಕೈಯೂ ಬಿಸಿ ಎಂದು ಕೂಗುತ್ತ. ಹಬ್ಬದ ಬಟ್ಟೆ ತೊಟ್ಟ ಹನ್ನೆರಡು ಮಕ್ಕಳು ತೊಟ್ಟಿಯ ಸುತ್ತ ಬಗ್ಗಿ ನಿಂತು, ನೀರು ಎರಚಿ, ಥಂಡಿಗೆ ಕಿರುಚಿ, ನಗತೊಡಗಿದರು. ದೊಣ್ಣೆ ಹಿಡಿದ ದೊಡ್ಡ ಹುಡುಗ ಏನೂ ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು, ಕೊನೆಗೆ ತಾನೂ ಹೋಗಿ ಒಂದು ಕೈ ಅದ್ದಿದ.

ಕ್ರಿಸ್ಪಿನಾ ತೊಟ್ಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಮಕ್ಕಳನ್ನೇ ಕೇಳಿದಳು. ಹೊಡೆದು ಒಡೆಯೋಣ ಎಂದದ್ದು ತನ್ನ ತಪ್ಪು. ಆದರೆ ಹಣ್ಣು ಚೋನಿತಾಳ ಹೊಟ್ಟೆಯಲ್ಲಿದೆ, ಹಣ್ಣು ಎಲ್ಲರಿಗೂ ಬೇಕು, ಅವಳಿಗೆ ನೋವಾಗಬಾರದು, ಏನು ಮಾಡುವುದು? ಕಚಗುಳಿ ಇಡೋಣ ಎಂದಿತು ಒಂದು. ವಾಂತಿ ಮಾಡಿಸೋಣ ಎಂದಿತು ಇನ್ನೊಂದು. ನಿಕಾನೋರ್ ಕೈಯ ನೀರು ಕೊಡವಿ ಗಂಭೀರವಾಗಿ ಹೇಳಿದ:

"ಅವ್ಳು ಬಸುರಿ. ಹೆರಿಗೆ ಮಾಡಿಸ್ಬೇಕು."

ಹೇಳಿ ಸುಮ್ಮನಾಗಲಿಲ್ಲ. ಅಂಗಳ ದಾಟಿ ನೇರ ತೊಮಾಸಾಳ ಮುಂದೆ ಹೋಗಿ ಒದ್ದೆ ಕೈಯಲ್ಲೇ ಅವಳ ಏಪ್ರನ್ ಹಿಡಿದು ಜಗ್ಗಿದ.

"ಅಜ್ಜಿ, ನೀನ್ ಬಾ. ನಿಂಗೆ ಬರತ್ತಲ್ಲ."

ಎರಡು ತಿಂಗಳಲ್ಲಿ ಅವನು ಅವಳ ಮುಖ ನೋಡಿ ಆಡಿದ ಮೊದಲ ಮಾತು. ತೊಮಾಸಾ ಕೆಳಗೆ ನೋಡಿದಳು. ಅವಳು ನಿಧಾನವಾಗಿ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಳು. ನನ್ನ ಕಡೆ ತಿರುಗಿದಳು.

"ಏನಮ್ಮಾ, ನೀರು ಕಾಸಿದೀಯಾ, ಇಲ್ಲಾ ಬರೀ ಪೋಂಚೇನಾ?"

ಅಂಗಳವೇ ಹೋ ಎಂದು ನಕ್ಕಿತು. ಅಬುಂದಿಯೋ ಮಾಳಿಗೆಯಿಂದ ಹಗ್ಗವನ್ನು ಹೂವಿನ ಹಾಗೆ ಇಳಿಸಿದ. ತೊಮಾಸಾ ಚಾಪೆಯ ಮೇಲೆ ಮಂಡಿಯೂರಿದಳು, ನಿಕಾನೋರನನ್ನು ಕತ್ತೆಯ ತಲೆಯ ಕಡೆ ಕೂರಿಸಿದಳು.

"ಗಟ್ಟಿಯಾಗಿ ಹಿಡ್ಕೋ. ಹೆದರ್ಕೋಬೇಡ ಅಂತ ಅವಳ ಕಿವೀಲಿ ಹೇಳ್ತಾ ಇರು. ನೀನು ಸುಮ್ನಾದ್ರೆ ನಿನ್ ಕಿವೀನೇ ಹಿಂಡ್ತೀನಿ."

ಅವನು ಹೇಳುತ್ತಲೇ ಇದ್ದ. ಅವಳು ಹೊಲಿಗೆಯ ದಾರ ಒಂದೊಂದಾಗಿ ಕತ್ತರಿಸಿ, ಒಳಗೆ ಕೈಹಾಕಿ, ಮೊದಲ ಕಿತ್ತಳೆಯನ್ನು ಹೊರಗೆ ತೆಗೆದು, ತಲೆಕೆಳಗಾಗಿ ಹಿಡಿದು, ಬೆನ್ನಿಗೊಂದು ಮೆಲ್ಲಗೆ ತಟ್ಟಿ, "ಹೆಣ್ಣು" ಎಂದು ಸಾರಿದಳು. ಕಬ್ಬಿನ ತುಂಡು ಬಂದಾಗ "ಗಂಡು." ಕಡಲೆಕಾಯಿ ಬಂದಾಗ ಅವಳಿ ಜವಳಿ ಎಂದು ಎಣಿಸಲಾರದೆ ಸೋತಳು. ಮಕ್ಕಳು ಒಂದೊಂದು ಹಣ್ಣನ್ನೂ ಎರಡೂ ಕೈ ಚಾಚಿ ಈಸಿಕೊಂಡರು. ಪೊಸಾದಾದಲ್ಲಿ ಹಣ್ಣಿಗೆ ಮಕ್ಕಳು ಒಬ್ಬರ ಮೇಲೊಬ್ಬರು ಬೀಳದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಯಾರೆಲಿ ತನ್ನ ಕಿತ್ತಳೆಯನ್ನು ಲಂಗದ ಅಂಚಿನಲ್ಲಿ ಸುತ್ತಿ ತೂಗುತ್ತಿದ್ದಳು. ಎದೆಯಲ್ಲಿ ಗುಬ್ಬಿ ಇದೆಯಾ ಎಂದು ಕ್ರಿಸ್ಪಿನಾ ಕೇಳಿದ್ದಕ್ಕೆ, ಎರಡಿವೆ ಎಂದಳು. ನನ್ನ ಎದೆಯಲ್ಲಿ ಎಷ್ಟಿದ್ದವೋ ಎಣಿಸಲಿಲ್ಲ. ಅಬುಂದಿಯೋ ತನ್ನ ಏಳು ಮೂಲೆಯ ನಕ್ಷತ್ರವನ್ನು ತಂದು ಕಟ್ಟಿದಾಗ, ದೊಡ್ಡವರೆಲ್ಲ ಅದನ್ನು ಮನಸಾರೆ ಚಚ್ಚಿದರು. ಮೊದಲ ಏಟು ಕ್ರಿಸ್ಪಿನಾಳದೇ.

ಜನ ಕರಗಿದ ಮೇಲೆ ಲುಸೇರೋ ಮಗನ ಕೈ ಹಿಡಿದು ತೊಮಾಸಾಳ ಹತ್ತಿರ ಬಂದಳು. ಜನವರಿಯ ಮಾತು ಎತ್ತಿದಳು.

"ಜನವರಿ ಏನು ಜನವರಿ," ಎಂದಳು ತೊಮಾಸಾ, ಏಪ್ರನ್ನಿಗೆ ಕೈ ಒರೆಸುತ್ತ. "ಬಾಣಂತಿ ಕಾಲು ಮುರ್ದಿದೆ, ಕಾಣಲ್ವಾ? ಪಟ್ಟಿ ಕಟ್ಟೋವಾಗ ತಲೆ ಹಿಡಿಯೋರು ಬೇಡ್ವಾ? ಅವನಿಲ್ದೆ ಅವಳು ಒದೀತಾಳೆ."

ಜನವರಿ ಏಳರ ಬೆಳಿಗ್ಗೆ ಅಂಗಳಕ್ಕೆ ಎಲ್ಲರಿಗಿಂತ ಮೊದಲು ಬಂದವರು ತಾಯಿ ಮಗ ಇಬ್ಬರೇ. ಕ್ರಿಸ್ಪಿನಾ ಚೋನಿತಾಳ ಹೊಟ್ಟೆ ಹೊಲಿದು ಮತ್ತೆ ಕುರ್ಚಿಯ ಮೇಲೆ ನಿಲ್ಲಿಸಿದ್ದಳು. ಲುಸೇರೋ ಕೈಚೀಲದಿಂದ ಒಗೆದು ಮಡಚಿದ ಆ ಬಟ್ಟೆಯ ಪಟ್ಟಿ ತೆಗೆದಳು. ಮುರಿದ ಕಾಲಿಗೆ ಕಡ್ಡಿಯಿಟ್ಟು, ಪಟ್ಟಿಯನ್ನು ಸುತ್ತಿ ಸುತ್ತಿ ಗಂಟು ಹಾಕಿದಳು. ತಲೆ ಹಿಡಿದಿದ್ದ ನಿಕಾನೋರ್ ಬಗ್ಗಿ ಗಂಟನ್ನು ಬೆರಳಿನಿಂದ ಒತ್ತಿ ನೋಡಿದ.

"ಬಿಗಿ ಆಯ್ತು, ಅಮ್ಮಾ," ಎಂದ. "ಸ್ವಲ್ಪ ಸಡ್ಲ ಮಾಡು."